ಶಟ್ಟೆಪ್ಪನ ಎರಡು ಬೆಳ್ಳಿಚುಕ್ಕಿ

ಮುನವಳ್ಳಿಯ ಶಟ್ಟೆಪ್ಪ ಜನ್ಮದಲ್ಲಿ ಗಡಿಯಾರ ಕಟ್ಟಿದವನಲ್ಲ. ಕಟ್ಟುವ ಅಗತ್ಯವೂ ಅವನಿಗಿರಲಿಲ್ಲ ಬಿಡಿ. ಯಾವ ಚುಕ್ಕಿ ಎಷ್ಟು ಮೇಲೇರಿದೆ ಎಂದು ನೋಡಿಯೇ ಬೆಳಗಾಗಲು ಇನ್ನೆಷ್ಟು ತಾಸು ಎಂದು ಹೇಳುತ್ತಿದ್ದ. ಹೊಲಕ್ಕೋ ಸವದತ್ತಿ ಸಂತೆಗೋ ಗಾಡಿ ಹೂಡುವ ಓಣಿಯವರನ್ನೆಲ್ಲ ನಲವತ್ತು ವರ್ಷ ಎಬ್ಬಿಸಿದವನು ಅವನೇ. ಕಟ್ಟೆಯ ಮೇಲೆ ನಿಂತು, "ಏಳ್ರೋ, ಬೆಳ್ಳಿ ಮೂಡೇತಿ!" ಎಂದನೆಂದರೆ ಎತ್ತುಗಳೂ ಎದ್ದು ನಿಲ್ಲುತ್ತಿದ್ದವು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದ ಅಜ್ಜಿಯ ಗತ್ತು ಅವನಿಗೂ ಇತ್ತು. "ನಾ ಒಬ್ಬಾಂವ ಇರಲಿಲ್ಲಂದ್ರ ಈ ಓಣಿ ಮಧ್ಯಾಹ್ನಕ್ಕ ಏಳತೈತಿ," ಎಂದು ಹೆಂಡತಿ ರಾಯವ್ವನ ಮುಂದೆ ದಿನಾ ಮೀಸೆ ತಿರುವುತ್ತಿದ್ದ.

ಅರವತ್ತು ದಾಟಿದ ಮೇಲೆ ಎರಡೂ ಕಣ್ಣಿಗೆ ಪೊರೆ ಬಂತು. ಮೊದಲು ಸಣ್ಣ ಚುಕ್ಕಿಗಳು ಹೋದವು, ಆಮೇಲೆ ದೊಡ್ಡವೂ ಹೋದವು. ಶಟ್ಟೆಪ್ಪ ಬಾಯಿ ಬಿಡಲಿಲ್ಲ. ಬೆಳ್ಳಿಯೊಂದು ಮಸುಕಾಗಿಯಾದರೂ ಕಾಣುತ್ತದಲ್ಲ, ಅಷ್ಟು ಸಾಕು ಎಂದುಕೊಂಡ. ಎಚ್ಚರವಾದಾಗ ಹೊರಗೆ ಬರುವುದು, ಮೂಡಣದಲ್ಲಿ ಬೆಳಕಿನ ಮುದ್ದೆ ಕಂಡೊಡನೆ ಕೂಗುವುದು. ಪಕ್ಕದ ಮನೆಯ ಬಸವಣ್ಣೆಪ್ಪ ಒಳಗಿನಿಂದಲೇ, "ಹೂಂ ಕಾಕಾ, ಎದ್ದೇವ್ರಿ," ಎನ್ನುತ್ತಿದ್ದ.

ಒಂದು ದಿನ ಎತ್ತು ನೀರು ಕುಡಿಯುವ ಬಾನಿಗೆ ಎಡವಿ ಬಿದ್ದಾಗ ಗುಟ್ಟು ರಟ್ಟಾಯಿತು. ೧೯೭೫ರ ದೀಪಾವಳಿ ಮುಗಿದೊಡನೆ ರಾಯವ್ವ ಅವನನ್ನು ಬೈಲಹೊಂಗಲದ ಕಣ್ಣಿನ ಶಿಬಿರಕ್ಕೆ ಎಳೆದುಕೊಂಡೇ ಹೋದಳು. ಆಪರೇಶನ್ ಆಯಿತು. ಸಂಕ್ರಾಂತಿಯ ಹೊತ್ತಿಗೆ ದಪ್ಪ ಗಾಜಿನ ಚಾಳೀಸು ಕೈಗೆ ಬಂತು.

ಮರುದಿನ ಕತ್ತಲಿರುವಾಗಲೇ ಅದನ್ನು ಏರಿಸಿಕೊಂಡು ಹೊರಗೆ ಬಂದ ಶಟ್ಟೆಪ್ಪ ಕತ್ತೆತ್ತಿದ. ಅಬ್ಬಾ! ಜೋಳದ ಅರಳು ಚೆಲ್ಲಿದ ಹಾಗೆ ಚುಕ್ಕಿಗಳು. ನಲವತ್ತು ವರ್ಷ ನೋಡಿದ್ದ, ಆದರೆ ತಾಸು ಎಣಿಸಲು ಅಷ್ಟೇ. ಚಂದವೆಂದು ನೋಡಿದ್ದು ಇದೇ ಮೊದಲು. ಅವನ ಕಣ್ಣು ತುಂಬಿ ಬಂತು.

ಆಮೇಲೆ ಮೂಡಣಕ್ಕೆ ತಿರುಗಿದ. ದಿನಾ ಬೆಳ್ಳಿ ಕಾಣುತ್ತಿದ್ದ ಜಾಗದಲ್ಲಿ ಒಂದು ಕಂಬ, ಕಂಬದ ತುದಿಗೆ ಲೈಟು! ಹೋದ ವರ್ಷ ದಿಣ್ಣೆಯ ಮೇಲೆ ಕಂಬ ಹಾಕಿದ್ದನ್ನು ಕೇಳಿದ್ದ, ಕಂಡಿರಲಿಲ್ಲ. ನಿಜವಾದ ಬೆಳ್ಳಿ ಇನ್ನೂ ಮೂಡಿರಲೇ ಇಲ್ಲ. ವರ್ಷವಿಡೀ ಸರಿರಾತ್ರಿಗೆಲ್ಲ ಊರನ್ನು ಎಬ್ಬಿಸಿದ್ದೆನಲ್ಲ ಎಂದು ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಏ, ನಿನಗ ಗೊತ್ತಿತ್ತೇನ?" ಎಂದು ಎದ್ದು ಬಂದ ರಾಯವ್ವನನ್ನು ಕೇಳಿದ.

"ಓಣಿಗೆಲ್ಲಾ ಗೊತ್ತೈತ್ರಿ. ಬಸವಣ್ಣೆಪ್ಪ ಅಲಾರಾಂ ತಂದಾನ. 'ಕಾಕಾಗ ಯಾರೂ ಹೇಳಬ್ಯಾಡ್ರಿ, ಅವರ ದನಿ ಕೇಳಿದ್ರ ಇನ್ನೂ ಮಲಗಾಕ ಹೊತ್ತೈತಿ ಅಂತ ತಿಳಿತೈತಿ,' ಅಂದ."

ಶಟ್ಟೆಪ್ಪನಿಗೆ ನಗು ಬಂತು, ಅದರ ಬೆನ್ನಿಗೇ ಅಳುಕೂ ಬಂತು. ಇನ್ನು ತಾನು ಕೂಗಿದರೆ ಯಾರು ಏಳುತ್ತಾರೆ? ಮೂಡಣ ನೋಡುತ್ತ ಕಟ್ಟೆಯ ಮೇಲೆ ಕುಳಿತ. ತಾಸಿನ ಮೇಲೆ ದಿಣ್ಣೆಯಾಚೆ ನಿಜವಾದ ಬೆಳ್ಳಿ ಮೂಡಿತು. ಎದ್ದು ಹೋಗಿ ಬಸವಣ್ಣೆಪ್ಪನ ಬಾಗಿಲಲ್ಲಿ ಮೆಲ್ಲಗೆ ಹೇಳಿದ:

"ತಮ್ಮಾ, ಬೆಳ್ಳಿ ಮೂಡೇತಿ."

"ಹೂಂ ಕಾಕಾ, ಎದ್ದೇವ್ರಿ," ಎಂದು ಬಸವಣ್ಣೆಪ್ಪ ಮಗ್ಗಲು ಬದಲಿಸಿದ.

"ಇವತ್ತ ಖರೇ ಮೂಡೇತೋ. ಗಾಡಿ ಹೂಡೂದು ಆಮ್ಯಾಲ, ಮೊದಲ ಬಂದು ನೋಡು. ಭಾಳ ಛಂದ ಐತಿ."

ಅಷ್ಟರಲ್ಲಿ ಒಳಗೆ ಅಲಾರಾಂ ಹೊಡೆಯಿತು.

ಬಸವಣ್ಣೆಪ್ಪ ಕೌದಿ ಹೊದ್ದುಕೊಂಡೇ ಓಡಿ ಬಂದ. ಓಣಿಯವರೂ ಒಬ್ಬೊಬ್ಬರಾಗಿ ಬಂದು ನಿಂತರು. ಶಟ್ಟೆಪ್ಪ ರುಮಾಲು ತೆಗೆದು ಬೆಳ್ಳಿಗೆ ಕೈಮುಗಿದ. ಆಮೇಲೆ ಕಂಬಕ್ಕೂ ಕೈಮುಗಿದ.

"ಕಂಬಕ್ಯಾಕ್ರಿ, ಕಾಕಾ?" ಎಂದ ಬಸವಣ್ಣೆಪ್ಪ.

"ನೀವೆಲ್ಲಾ ಒಂದು ವರ್ಷ ಈ ಕುರುಡಗ ಹೂಂ ಅಂದ್ರಿ. ನಿಮ್ಮ ಜೋಡಿ ಅದೂ ಹೂಂ ಅಂತಲ್ಲೋ!"