ಪ್ಲಗ್ಗಿಲ್ಲದ ಕೆಂಪು ಡಬ್ಬಿ

ಮಹಾಪೂರ ಬಂದ ವರ್ಷದ ಆಗಸ್ಟಿನಲ್ಲಿ, ಒಂದು ಮಂಗಳವಾರ ಮಧ್ಯಾಹ್ನ, ಮಿರಜಿನ ನಮ್ಮ ಪತ್ರಿಕಾ ಕಚೇರಿಗೆ ಹೊಳೆದಂಡೆಯ ಮ್ಹೈಸಾಳ ಎಂಬ ಊರಿನಿಂದ ಒಂದು ಫೋನು ಬಂತು. ಮ್ಹೈಸಾಳದಲ್ಲಿ ಆಗ ಕರೆಂಟು ಇರಲಿಲ್ಲ, ರಸ್ತೆ ಇರಲಿಲ್ಲ, ಮೊಬೈಲಿನ ಸಿಗ್ನಲ್ ಇರಲಿಲ್ಲ. ಫೋನು ಬಂತು.

ನಡೆದದ್ದನ್ನು ಬರೆ, ಬೆಚ್ಚಿದ್ದನ್ನು ಬರೆಯಬೇಡ ಎಂಬುದು ಈ ಕಸುಬಿಗೆ ಸೇರಿದಾಗ ನನಗೆ ಕಲಿಸಿದ ಮೊದಲ ಪಾಠ. ಅದನ್ನು ಇಷ್ಟು ವರ್ಷ ಪಾಲಿಸಿಕೊಂಡು ಬಂದಿದ್ದೇನೆ. ಆದರೆ ಆ ದಿನ ನಡೆದದ್ದರಲ್ಲಿ ಬೆಚ್ಚಿದ್ದನ್ನು ತೆಗೆದರೆ ಉಳಿಯುವುದು ಒಂದು ಕೆಂಪು ಡಬ್ಬಿ ಮಾತ್ರ. ಆದ್ದರಿಂದ ಎರಡನ್ನೂ ಬರೆಯುತ್ತೇನೆ. ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ.

ಮ್ಹೈಸಾಳದಲ್ಲಿ ನನ್ನ ಕಾಕಾ, ಅಂದರೆ ಚಿಕ್ಕಪ್ಪ, ಕಿರಾಣಿ ಅಂಗಡಿ ಇಟ್ಟಿದ್ದಾರೆ. ಅಂಗಡಿ ಕೆಳಗೆ, ಮನೆ ಮಾಳಿಗೆಯ ಮೇಲೆ. ಇರುವವರು ಕಾಕಾ ಮತ್ತು ಅವರ ಹೆಂಡತಿ ಕಾಕು. ಕಾಕಾನ ಎರಡೂ ಕಿಡ್ನಿ ಕೈಕೊಟ್ಟು ಬಹಳ ದಿನವಾಯಿತು. ವಾರಕ್ಕೆರಡು ಸಲ ಬಸ್ಸು ಹಿಡಿದು ಮಿರಜಿಗೆ ಬಂದು, ಆಸ್ಪತ್ರೆಯಲ್ಲಿ ರಕ್ತ ಸೋಸಿಸಿಕೊಂಡು ಹೋಗುತ್ತಾರೆ. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ. ಆಮೇಲೆ ತಡವಾದಷ್ಟೂ ನೀರು ಎದೆಗೆ ಏರುತ್ತದೆ. ಆ ವಾರ ಅವರಿಗೆ ಒಳಗಿನಿಂದಲೂ ಹೊರಗಿನಿಂದಲೂ ನೀರು ಏರುತ್ತಿತ್ತು.

ಅಂಗಡಿಯ ಗೋಡೆಗೆ ಒಂದು ರೂಪಾಯಿ ಹಾಕಿ ಮಾತಾಡುವ ಕೆಂಪು ಫೋನಿನ ಡಬ್ಬಿ ಇತ್ತು. ನಿಮಗೆ ನೆನಪಿರಬಹುದು. ಒಂದು ಕಾಲಕ್ಕೆ ಪಾನಪಟ್ಟಿ ಅಂಗಡಿಗೆ ಸುಣ್ಣದ ಡಬ್ಬಿಯಷ್ಟೇ ಅದೂ ಅವಶ್ಯವಾಗಿತ್ತು. ಎಲ್ಲರ ಕೈಗೂ ಮೊಬೈಲು ಬಂತು, ಅಂಗಡಿಗೆ ಕ್ಯೂಆರ್ ಬಂತು. ಕಾಕಾ ಮಾತ್ರ ಆ ಲೈನು ಕತ್ತರಿಸಲಿಲ್ಲ. ಅದಕ್ಕೆ ಕರೆ ಬರುತ್ತಿರಲಿಲ್ಲ, ಅದರಿಂದ ಮಾಡಬಹುದಿತ್ತು ಅಷ್ಟೇ. ಮಾಡುವವರೂ ಇರಲಿಲ್ಲ.

"ಕಾಕಾ, ಡಬ್ಬಿಗೆ ಹಾರ ಯಾವಾಗ ಹಾಕ್ತೀರಿ?" ಎಂದು ಗಿರಾಕಿಗಳು ಕೆಣಕುತ್ತಿದ್ದರು.

"ನಿನ್ನ ಮೊಬೈಲ್ ಮೊದಲ ಸಾಯ್ಲಿ. ಒಂದ ಹಾರದಾಗ ಎರಡೂ ಮುಗಸೋಣು" ಎನ್ನುತ್ತಿದ್ದರು ಕಾಕಾ.

ಮೊಬೈಲುಗಳು ಮೊದಲೇ ಸತ್ತವು. ಅಂಗಡಿಗೆ ಮೊಳಕಾಲುದ್ದ ನೀರು ಬಂದು, ಇಬ್ಬರೂ ಮಾಳಿಗೆ ಸೇರಿದರು. ಕೆಂಪು ಡಬ್ಬಿಯ ಕಡೆ ಯಾರೂ ನೋಡಲಿಲ್ಲ. ಹೊಸ ಫೋನೇ ಕರೆಂಟಿಲ್ಲದೆ ಕಣ್ಣು ಮುಚ್ಚಿದ ಮೇಲೆ ಹಳೆಯದರ ಪಾಡೇನು ಎಂಬುದು ಊರ ಲೆಕ್ಕ. ಪತ್ರಿಕೆಯ ಲೆಕ್ಕವೂ ಅದೇ.

ಸೋಮವಾರದ ಸರದಿ ತಪ್ಪಿತು. ಮರುದಿನ ಮಧ್ಯಾಹ್ನ ಕಾಕು ಚಹಾಪುಡಿ ತರಲು ನೀರಿಗಿಳಿದಾಗ ಮೊಳಕೈ ತಗುಲಿ ರಿಸೀವರ್ ಕೆಳಗೆ ಜೋತುಬಿತ್ತು. ಒಳಗಿಂದ ಗುಂಯ್ ಎಂಬ ಸದ್ದು. ಎರಡು ಹೆಜ್ಜೆ ಹಿಂದೆ ಸರಿದೆ ಎಂದು ಕಾಕು ಆಮೇಲೆ ಹೇಳಿದರು.

"ಏನ್ರಿ, ಇದು ಜೀವಂತ ಐತಿ!"

ಮೇಲಿನಿಂದ ಕಾಕಾ, "ಕರೆಂಟ್ ಇಲ್ದ ಹೆಂಗ ಇರ್ತೈತಿ, ಹುಚ್ಚಿ?"

"ನೀವು ಕಿಡ್ನಿ ಇಲ್ದ ಹೆಂಗ ಅದೀರಿ? ಹಂಗ."

ಈ ಉತ್ತರದಲ್ಲಿ ಎಷ್ಟು ವಿಜ್ಞಾನವಿದೆ ಎಂಬುದು ನನಗೆ ತಿಳಿದದ್ದು ಕುಪವಾಡದ ಸುಕುಮಾರನಿಂದ. ಅವನು ನನ್ನ ಕಾಲೇಜು ಗೆಳೆಯ. ಈಗ ಪಂಪ್‌ಸೆಟ್ಟಿನ ಸ್ಟಾರ್ಟರ್ ತಯಾರಿಸುವ ಅವನ ಕಾರ್ಖಾನೆ ಹಿಂದೆ ಇಂಥ ಡಬ್ಬಿಗಳ ಒಳಗಿನ ಸರ್ಕ್ಯೂಟ್ ಬೋರ್ಡು ಜೋಡಿಸುತ್ತಿತ್ತು. ಡಬ್ಬಿಗೆ ಪ್ಲಗ್ಗೇ ಇಲ್ಲ ಎಂಬುದನ್ನು ನಾನು ಅಲ್ಲಿಯತನಕ ಗಮನಿಸಿರಲಿಲ್ಲ. ದಿನಾ ಕಣ್ಣೆದುರು ಇರುವುದನ್ನು ವರದಿಗಾರರು ನೋಡುವುದಿಲ್ಲ. ಅದು ಬದುಕುವುದು ಟೆಲಿಫೋನಿನ ತಾಮ್ರದ ತಂತಿಯಲ್ಲಿ ಬರುವ ಚೂರು ವಿದ್ಯುತ್ತಿನ ಮೇಲೆ. ಅದನ್ನು ಕಳಿಸುವುದು ದೂರದ ಎಕ್ಸ್‌ಚೇಂಜಿನ ಬ್ಯಾಟರಿಗಳು. ಊರಿನ ಕರೆಂಟು ಹೋದರೂ ಅವು ನಿಲ್ಲುವುದಿಲ್ಲ. ರಿಸೀವರ್ ತನ್ನ ಕೊಕ್ಕೆಯಲ್ಲಿರುವಾಗ ಬೋರ್ಡು ಹೆಚ್ಚುಕಡಿಮೆ ಏನೂ ಕುಡಿಯದೆ ಮಲಗಿರಬೇಕು. ತುಸು ಹೆಚ್ಚು ಎಳೆದರೂ ಯಾರೋ ಫೋನು ಎತ್ತಿದರೆಂದು ಎಕ್ಸ್‌ಚೇಂಜ್ ತಿಳಿಯುತ್ತದೆ. ಎತ್ತಿದಾಗ ಎದ್ದು, ಸಿಕ್ಕ ತುತ್ತಿನಲ್ಲೇ ನಾಣ್ಯದ ಗಾತ್ರ ಮತ್ತು ಲೋಹ ಪರೀಕ್ಷಿಸಿ, ನಿಮಿಷ ಎಣಿಸಿ, ಮುಗಿಯುವ ಮುಂಚೆ ಪೀಂ ಎನ್ನಬೇಕು. ನಾಣ್ಯವನ್ನು ಒಳಗೆ ಕೆಡವುವ ಕೊಂಡಿ ಎಳೆಯಲು ಮಾತ್ರ ಒಂದು ದೊಡ್ಡ ಝಟಕಾ ಬೇಕು. ಅಷ್ಟು ಶಕ್ತಿ ಒಮ್ಮೆಗೇ ಸಿಗುವುದಿಲ್ಲ.

"ಅದಕ್ಕ ಕೆಪ್ಯಾಸಿಟರ್ ಇಡ್ತಿದ್ವಿ" ಎಂದ ಸುಕುಮಾರ. "ಹೆಂಗಸರ ಭೀಶಿ ಚೀಟಿ ಇದ್ದಂಗ. ಚೂರ ಚೂರ ಕೂಡಿಸೋದು, ಒಮ್ಮೆಗೇ ಎತ್ತೋದು."

ಒಂದು ಇಡೀ ಊರು ಕತ್ತಲಾದಾಗ ಇಷ್ಟು ಬಡತನದಲ್ಲಿ ಸಂಸಾರ ಮಾಡುವ ಯಂತ್ರವೊಂದು ಗೋಡೆಯ ಮೇಲೆ ಎಚ್ಚರವಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಎಚ್ಚರವಿದ್ದರೆ ಸಾಕೇ? ಅದರ ಬಾಯಿಗೆ ರೂಪಾಯಿ ಬೇಕು. ಕಾಕು ಗಲ್ಲಾಪೆಟ್ಟಿಗೆಯಿಂದ ತೆಗೆದು ಹಾಕಿದ ರೂಪಾಯಿಗಳೆಲ್ಲ ಹಾಗೆಯೇ ಕೆಳಗಿನ ಬಟ್ಟಲಿಗೆ ಜಾರಿ ವಾಪಸು ಬಂದವು. ಅವು ಈಗಿನ ಸಣ್ಣ ರೂಪಾಯಿಗಳು. ಡಬ್ಬಿಗೆ ಗೊತ್ತಿದ್ದುದು ಹಿಂದಿನ ದೊಡ್ಡ ರೂಪಾಯಿ ಮಾತ್ರ. ಅವು ಆ ಮನೆಯಲ್ಲಿ ಇದ್ದುದು ಒಂದೇ ಜಾಗದಲ್ಲಿ. ನಮ್ಮ ಕಡೆಯ ಅಂಗಡಿಕಾರ ಜೈನರ ಮನೆಗಳಲ್ಲಿ ದೀಪಾವಳಿಯ ಪೂಜೆಗೆ ಪ್ರತಿ ವರ್ಷ ಒಂದು ಹೊಸ ರೂಪಾಯಿಗೆ ಅರಿಷಿಣ ಕುಂಕುಮ ಹಚ್ಚಿ, ದೇವರ ಜಗಲಿಯ ತಾಮ್ರದ ತಂಬಿಗೆಗೆ ಹಾಕುತ್ತಾರೆ. ಅದು ಲಕ್ಷ್ಮಿ. ಅದನ್ನು ಎಂಥ ಅಡಚಣೆಯಲ್ಲೂ ಖರ್ಚು ಮಾಡುವಂತಿಲ್ಲ. ತಮ್ಮ ಮದುವೆಯ ನಂತರ ಆ ತಂಬಿಗೆಯಿಂದ ಏನೂ ಹೊರಬಂದದ್ದನ್ನು ಕಾಕು ಕಂಡಿರಲಿಲ್ಲ. ಮೇಲೆ ಕಾಕಾ ದಿಂಬಿಗೆ ಒರಗಿ, ಮಲಗಲಾಗದೆ ಕುಳಿತಿದ್ದರು. ಕಾಕು ತಂಬಿಗೆ ಬೋರಲು ಹಾಕಿದರು.

ನಮ್ಮ ಕಚೇರಿಯ ನಂಬರು ಅವರಿಗೆ ಸಿಕ್ಕಿದ್ದು ಪೊಟ್ಟಣ ಕಟ್ಟುವ ಹಳೆಯ ಪತ್ರಿಕೆಯ ತುದಿಯಲ್ಲಿ.

"ಅಪ್ಪೂ, ನಾ ಕಾಕು. ಊಟ ಆತೇನು?"

ನೀರಿನಲ್ಲಿ ನಿಂತ ಹೆಂಗಸು, ಮೇಲೆ ಉಸಿರಿಗೆ ಕಷ್ಟಪಡುತ್ತಿರುವ ಗಂಡ, ಕೈಯಲ್ಲಿ ಒಂದು ನಿಮಿಷ. ಆದರೂ ನಮ್ಮಲ್ಲಿ ಮಾತು ಶುರುವಾಗುವುದು ಹೀಗೆಯೇ. ನಾನೇನು ಕಡಿಮೆ? "ಆತ್ರಿ ಕಾಕು, ನಿಮ್ಮದು?" ಎಂದೆ. ಮಕ್ಕಳು ಆರಾಮೇನು ಎಂದು ಅವರು ಕೇಳಿದರು, ಆರಾಮ ಎಂದು ನಾನು ಹೇಳಿದೆ. "ಕಾಕಾಂದು ಡಯಾಲಿಸಿಸ್ ತಪ್ಪೇತಿ, ಕಾಲು..." ಎನ್ನುವಷ್ಟರಲ್ಲಿ ಪೀಂ ಎಂದಿತು, ಕಟ್ಟಾಯಿತು.

ಸತ್ತ ಊರಿನಿಂದ ಬಂದ ಧ್ವನಿ ಕಿವಿಯಲ್ಲಿರುವಾಗಲೇ, ದೋಣಿ ಕಳಿಸುತ್ತಿದ್ದ ಪರಿಹಾರ ಕೊಠಡಿಗೆ ಫೋನು ಮಾಡಿದೆ. ಅಲ್ಲಿದ್ದವರು ಮರಾಠಿಯಲ್ಲಿ ಶಾಂತವಾಗಿ, "ತಿಥೂನ ಫೋನ್ ಯೇಣಾರ ಕಸಾ?" ಎಂದರು. ಅಲ್ಲಿಂದ ಫೋನು ಬರುವುದಾದರೂ ಹೇಗೆ? ಮ್ಹೈಸಾಳದ ಸಂಪರ್ಕ ಪೂರ್ತಿ ಕಡಿದಿದೆ, ಇವತ್ತಿನ ನಿಮ್ಮ ಪತ್ರಿಕೆಯಲ್ಲೇ ಬಂದಿದೆಯಲ್ಲ. ಬಂದಿತ್ತು. ಹಿಂದಿನ ದಿನ ಅವರೇ ಹೇಳಿದ್ದನ್ನು ನಾವು ಬರೆದಿದ್ದೆವು. ನಾವು ಬರೆದದ್ದನ್ನು ಅವರು ಬೆಳಿಗ್ಗೆ ಓದಿ ನಂಬಿದ್ದರು. ಖಚಿತ ಸುದ್ದಿ ಹುಟ್ಟುವ ಕ್ರಮವನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಫೋನಿನ ಮುಂದೆ ಕುಳಿತೆ. ಅದು ರಿಂಗಾಗಲಿಲ್ಲ. ಯಾಕೆಂದು ಆಮೇಲೆ ಗೊತ್ತಾಯಿತು. ಎರಡನೆಯ ಲಕ್ಷ್ಮಿಯನ್ನು ಡಬ್ಬಿ ಒಪ್ಪಿರಲಿಲ್ಲ. ವರ್ಷಗಳ ಅರಿಷಿಣ ಕುಂಕುಮ ಒಣಗಿ ಹಕ್ಕಳೆಗಟ್ಟಿ, ನಾಣ್ಯ ಸಂದಿಯಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಹೇರ್‌ಪಿನ್ನಿನಿಂದ ಎಬ್ಬಿಸಿ, ಉಳಿದವನ್ನೂ ಅಂಗಡಿಯ ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಸೀರೆಯ ಸೆರಗಿಗೆ ಒರೆಸಿ, ಕಾಕು ಮತ್ತೆ ನಂಬರು ತಿರುಗಿಸಿದರು. ಈ ಸಲ ಯಾರ ಊಟದ ಸುದ್ದಿಯೂ ಬರಲಿಲ್ಲ.

"ದಮ್ ಹತ್ತೇತಿ ಅವರಿಗೆ. ಮಾಳಗಿ ಮ್ಯಾಲ ಅದೇವಿ. ಬೋಟ್ ಕಳಸು."

"ಕಾಕು, ನಾ ಹೇಳಿದ್ರ ನಂಬವಲ್ರು. ನಂಬರ್ ಕೊಡ್ತೇನಿ, ನೀವ ಮಾಡ್ರಿ."

ಹೇಳಿದ ಅಂಕಿಗಳನ್ನು ಅವರು ಗೋಡೆಯ ಮೇಲೆ ಸುಣ್ಣದಿಂದ ಬರೆದುಕೊಂಡರು. ಮುಂದಿನ ಲಕ್ಷ್ಮಿ ಪರಿಹಾರ ಕೊಠಡಿಗೆ ಹೋದಳು. ಅಲ್ಲಿ ಫೋನು ಎತ್ತಿದವರು ಆಮೇಲೆ ನನಗೆ ಹೇಳಿದಂತೆ, ಒಬ್ಬ ಅಜ್ಜಿ ಚೊಕ್ಕ ಮರಾಠಿಯಲ್ಲಿ, "ನೀವು ಅನುಮಾನಪಡುತ್ತ ಕೂತರೆ ನನ್ನ ಲಕ್ಷ್ಮಿ ಮುಗಿಯುತ್ತಾಳೆ, ಮೊದಲು ಬರೆದುಕೊಳ್ಳಿ" ಎಂದಳಂತೆ. ಅವರು ಬರೆದುಕೊಂಡರು.

ಸಂಜೆ ದೋಣಿ ಅಂಗಡಿಯ ಬಾಗಿಲಿಗೆ ತಾಗಿತು. ಕಾಕಾನನ್ನು ನೇರ ಆಸ್ಪತ್ರೆಗೆ ತಂದರು. ಇನ್ನೊಂದು ರಾತ್ರಿ ಕಳೆದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಯಂತ್ರದ ಪಕ್ಕದಲ್ಲಿ ಕಾಕಾ ಮಲಗಿದ್ದಾಗ ನಾನು, ಲಕ್ಷ್ಮಿಯನ್ನು ಖರ್ಚು ಮಾಡಿದ್ದಕ್ಕೆ ಮನಸ್ಸಿಗೆ ಹತ್ತಿತೇನು ಎಂದು ಕಾಕುವನ್ನು ಕೇಳಿದೆ.

"ಖರ್ಚ ಎಲ್ಲಿ ಆದ್ಳು?" ಎಂದರು. "ಡಬ್ಬಿ ನಮ್ದ, ಬೀಗ ನಮ್ದ. ತಂಬಿಗ್ಯಾಗ ಕುಂತಿದ್ಳು, ಈಗ ಡಬ್ಬ್ಯಾಗ ಕುಂತಾಳ."

ಕಳೆದ ತಿಂಗಳು ಮ್ಹೈಸಾಳದ ಆ ಓಣಿಯ ತಾಮ್ರದ ತಂತಿ ತೆಗೆದು ಫೈಬರ್ ಎಳೆದರು. ಹೊಸ ಫೋನಿನ ಪೆಟ್ಟಿಗೆ ಗೋಡೆಯ ಪ್ಲಗ್ಗಿನ ಕರೆಂಟಿನಲ್ಲಿ ನಡೆಯುತ್ತದೆ. ಕಾಕಾ ಅಲ್ಲೇ ಇದ್ದಾರೆ, ವಾರಕ್ಕೆರಡು ಸಲ ಮಿರಜಿಗೆ ಬಂದು ಹೋಗುತ್ತಾರೆ. ನಿನ್ನೆ ಮಧ್ಯಾಹ್ನ ಮ್ಹೈಸಾಳದಲ್ಲಿ ಮಳೆ ಬಂದು ಕರೆಂಟು ಹೋಗಿತ್ತು. ಈ ಸಲ ಆ ಗೋಡೆಯಿಂದ ಫೋನು ಬರುವಂತಿರಲಿಲ್ಲ.