ಬಟ್ಟಲಿಗೊಂದು ಗಿಡ್ಡ ಕಾಲು

ಬೆಳಿಗ್ಗೆ ದೋಸೆ ಹೊಯ್ದೆ. ಕಣದಲ್ಲಿ ಕಾಫಿ ಹರವಿದೆ. ಬಣಕಲ್‌ಗೆ ಹೋಗಿ ಅತ್ತೆಯ ಮಾತ್ರೆ ತಂದೆ. ಕಡುಬಿಗೆ ಅಕ್ಕಿ ತರಿ ಒಡೆದೆ. ನಡುವೆ ಒಂದು ಮರದ ತುಂಡನ್ನು ಗೋಡೆಗೆ ಹಾರಿಸಿದೆ. ಈ ಕೊನೆಯದು ನಿತ್ಯದ ಕೆಲಸವಲ್ಲ. ಆದರೆ ಇದೇ ವಾರದಲ್ಲಿ ಎರಡನೇ ಸಲ ಆದದ್ದರಿಂದ ಸಾಲಿಗೆ ಸೇರಿಸುವುದೇ ನ್ಯಾಯ.

ನನ್ನ ವಯಸ್ಸಿನ ಹೆಂಗಸರು ಇಲ್ಲಿ ಆಂಥೂರಿಯಂ ಹೂ ಬೆಳೆಸುತ್ತಾರೆ. ನಾನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ ಹಳೇ ಪಲ್ಪರ್ ಕೊಟ್ಟಿಗೆಯಲ್ಲಿ ಮರ ಕಡೆಯುವ ಲೇತ್ ಇಟ್ಟುಕೊಂಡಿದ್ದೇನೆ. ಅಂಗಳದಂಚಿನ ಅರೇಬಿಕಾ ಕಾಫಿ ಗಿಡ ಅತ್ತೆ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಕಾಂಡ ಕೊರೆಯುವ ಬೋರರ್ ಹುಳು ಹೊಕ್ಕು ಕೀಳಬೇಕಾಯಿತು. ಬುಡದ ಒಂದು ತುಂಡು ಮಾತ್ರ ಗಟ್ಟಿ ಉಳಿದಿತ್ತು. “ಅದ್ರಲ್ಲಿ ನಂಗೊಂದು ಎಲೆಅಡಿಕೆ ಬಟ್ಲು ಮಾಡ್ಕೊಡೆ” ಎಂದರು ಅತ್ತೆ. ಕೆಡಿಸಿದರೆ ಇನ್ನೊಂದು ತುಂಡಿಲ್ಲ.

ತಿರುಗುವ ಮರವನ್ನು ಹಿಡಿಯುವುದು ಚಕ್. ಅದರ ಬಾಯಲ್ಲಿ ಉಕ್ಕಿನ ನಾಲ್ಕು ದವಡೆ; ‘ಜಾ’ ಎನ್ನುತ್ತಾರೆ. ದವಡೆ ಕಚ್ಚಲೆಂದು ಬಟ್ಟಲಿನ ಬುಡದಲ್ಲಿ ಒಂದು ಕಾಲು ಕೆತ್ತಬೇಕು, ಅದೇ ಟೆನನ್. ಮೊದಲ ಸಲ ದಪ್ಪ ಕಾಲಿಗೆ ಚಿಕ್ಕ ಜಾ ಹಾಕಿದ್ದೆ. ದವಡೆ ಹೆಚ್ಚುಕಡಿಮೆ ಮುಚ್ಚಿ ದುಂಡಗಾದಾಗಷ್ಟೇ ಕಾಲನ್ನು ಸುತ್ತಲೂ ಅಪ್ಪುತ್ತದೆ. ಅಗಲಕ್ಕೆ ತೆರೆದರೆ ಮೂಲೆಗಳಷ್ಟೇ ಕಚ್ಚುತ್ತವೆ, ಇಡೀ ಸೀಬೆಹಣ್ಣಿಗೆ ಬಾಯಿ ಹಾಕಿದ ಮಗುವಿನ ಹಾಗೆ. ಉಳಿ ತಾಗಿದ್ದೇ ತಡ, ತುಂಡು ಹಾರಿತು, ಕಾಲು ಮುರಿಯಿತು. ಮುರಿದದ್ದನ್ನು ಕೊಯ್ದು ಹೊಸ ಕಾಲು ಕೆತ್ತಿದರೆ ಬಟ್ಟಲು ಅಷ್ಟು ಗಿಡ್ಡ.

“ಬೇಲಿ ಗೂಟ ಆಳಕ್ಕೆ ಹೂತ್ರೆ ತಾನೆ ನಿಲ್ಲೋದು? ಕಾಲು ಉದ್ದ ಬಿಡು ಮಾರಾಯ್ತಿ” ಎಂದರು ನಮ್ಮವರು. ಗೂಟ ಹೂಳುವುದರಲ್ಲೇ ಅರ್ಧ ಆಯುಷ್ಯ ಕಳೆದ ಮನೆ ನಮ್ಮದು; ಒಪ್ಪಿ ಕಾಲು ಉದ್ದ ಬಿಟ್ಟೆ. ಈ ದಿನ ಹಾರಿದ್ದು ಆ ಉದ್ದ ಕಾಲಿನ ಬಟ್ಟಲು.

“ಇನ್ನೊಂದ್ಸಲ ಹಾರಿದ್ರೆ ಸುಣ್ಣದ ಡಬ್ಬಿಯೂ ಆಗಲ್ಲ ಕಣೇ” ಎಂದರು ಅತ್ತೆ. ನಗುತ್ತಲೇ ಅಂದರು, ಆದರೆ ತುಂಡನ್ನು ಕೈಗೆತ್ತಿಕೊಂಡು ಸೆರಗಿನಿಂದ ಒರೆಸಿದ್ದು ಕಂಡೆ. ಬಿಡಬಾರದು ಅನ್ನಿಸಿತು.

ಸಂಜೆ ಕಡುಬಿಗೆ ಒಲೆ ಹಚ್ಚಿದೆ. ಹಳೇ ಅಡಿಪಾತ್ರೆ ಸೋರುತ್ತದೆಂದು ಬೇರೊಂದನ್ನು ಇಟ್ಟಿದ್ದೆ. ಅದಕ್ಕೆ ಆಳ ಸಾಲದು. ಮೇಲಿನ ತೂತಿನ ಪಾತ್ರೆಯ ತಳ ಅದರ ತಳಕ್ಕೆ ತಾಗಿ, ಅಂಚಿನ ಮೇಲೆ ಕೂರದೆ ಲಟಲಟ ಅಲುಗಿತು. ಸೌಟು ಹಿಡಿದು ಅದನ್ನೇ ನೋಡುತ್ತ ನಿಂತೆ. ನನ್ನ ಉದ್ದ ಕಾಲೂ ಹೀಗೇ ಚಕ್ಕಿನ ತಳಕ್ಕೆ ತಾಗಿ, ಬಟ್ಟಲಿನ ಬುಡ ದವಡೆಯ ಮೇಲೆ ಕೂರದೆ ಗಾಳಿಯಲ್ಲಿ ನಿಂತಿತ್ತು!

ಆಳದ ಪಾತ್ರೆ ಇಟ್ಟು, “ಕಡುಬು ನೋಡ್ಕೊಳ್ಳಿ” ಎಂದು ನಮ್ಮವರಿಗೆ ಹೇಳಿ ಕೊಟ್ಟಿಗೆಗೆ ನಡೆದೆ. ಗಿಡ್ಡ ಕಾಲು ಕೆತ್ತಿದೆ, ದವಡೆಯ ಓರೆಗೆ ತಕ್ಕ ಓರೆ ಕೊಟ್ಟೆ. ತುಂಡು ಸವೆದು ಸವೆದು ಈಗ ಚಿಕ್ಕ ದವಡೆಗೇ ಸರಿಯಾಗಿತ್ತು. ಬುಡ ದವಡೆಯ ಮೇಲೆ ಒತ್ತಿ ಕೂತಿತು. ಪಕ್ಕಕ್ಕೆ ಸರಿದು ಸ್ವಿಚ್ ಹಾಕಿದೆ. ಹಾರಲಿಲ್ಲ. ಒಳಗನ್ನು ತೋಡಿ ಬಟ್ಟಲು ಮುಗಿಸಿದೆ.

ಕೊನೆಗೆ ಕಾಲನ್ನು ಕೊಯ್ದು ತೆಗೆಯುವುದು ಪದ್ಧತಿ. ಇಷ್ಟು ಕಾಡಿಸಿದ ಕಾಲನ್ನು ಕೊಯ್ಯಲು ಮನಸ್ಸಾಗಲಿಲ್ಲ. ಬಟ್ಟಲು ಅದರ ಮೇಲೇ ನಿಂತಿದೆ. ಅಡಿಕೆ ಹಿಡಿಸುತ್ತದೆ, ಎಲೆ ಹಿಡಿಸದು. ಅತ್ತೆ ಅತ್ತಿತ್ತ ತಿರುಗಿಸಿ ನೋಡಿ, “ಎಲೆ ಮಡಚಿ ಇಟ್ರಾಯ್ತು ಬಿಡು” ಎಂದರು.

ರಾತ್ರಿ ತುಸು ಹೆಚ್ಚೇ ಬೆಂದ ಕಡುಬು, ಹುರುಳಿ ಸಾರು, ತುಪ್ಪ. ದಿನವೂ ಮೊದಲು ಮಲಗುವವರು ನಮ್ಮವರು. ಇವತ್ತು ಅತ್ತೆ ಮೊದಲು ಮಲಗಿದರು, ಬಟ್ಟಲನ್ನು ದಿಂಬಿನ ಪಕ್ಕ ಇಟ್ಟುಕೊಂಡು.