ಒಂದೇ ಕಾಲಿಗೆ ಬೂಟು

ಹಾವು ಕಚ್ಚಿತು, ಮುದುಕ ಸತ್ತ. ನಡೆದದ್ದು ಇಷ್ಟೇ. ಯಾರಿಗೋ ಬಿದ್ದ ಕನಸಿನಿಂದ ಯಾರೂ ಸಾಯುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಆದರೂ ಅಷ್ಟು ಗೊತ್ತು. ಗೊತ್ತಾಗದೆ ಉಳಿದದ್ದು ಒಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ಅಮೆರಿಕದಲ್ಲಿ, ಆಶ್‌ಬರ್ನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ರೋಸಾ ಬಾಡಿಗೆಗಿದ್ದಳು. ಮನೆಗಳನ್ನು ಕ್ಲೀನ್ ಮಾಡುವ ಕೆಲಸ. ದಕ್ಷಿಣ ಅಮೆರಿಕದ ಈಕ್ವೆಡಾರಿನ ಕಾಡಿನವಳು, ಕಿಚ್ವಾ ಎಂಬ ಬುಡಕಟ್ಟಿನ ಜನ. ಬೆಳಿಗ್ಗೆ ಐದಕ್ಕೆ ಮೇಲೆ ಬಂದು ನಮ್ಮ ಅಡುಗೆಮನೆಯಲ್ಲಿ ತನ್ನೂರಿನ ಯಾವುದೋ ಎಲೆ ಕುದಿಸುತ್ತಿದ್ದಳು. ಪಕ್ಕದ ಒಲೆಯಲ್ಲಿ ನನ್ನ ಕಾಫಿ. ಅವಳ ಇಂಗ್ಲಿಷೂ ನನ್ನದೂ ಒಂದೇ ದರ್ಜೆ. "ಅಮ್ಮಾ, ಡ್ರೀಮ್?" ಎಂದು ದಿನಾ ಕೇಳುವಳು. "ನೋ ಡ್ರೀಮ್" ಎನ್ನುವೆ.

ಯಾಕೆ ಕೇಳುತ್ತಾಳೆಂದು ಸ್ಕೂಲಲ್ಲಿ ಸ್ಪ್ಯಾನಿಷ್ ಕಲಿಯುವ ಮೊಮ್ಮಗಳು ಒಂದು ಭಾನುವಾರ ತಿಳಿಸಿದಳು. ಅವರಲ್ಲಿ ಬೇಟೆಗೆ ಹೋಗುವ ಮುಂಚೆ ಮನೆಮಂದಿಯೆಲ್ಲ ಆ ಕಷಾಯ ಕುಡಿಯುತ್ತ ಕನಸು ಹೇಳಿಕೊಳ್ಳಬೇಕು. ಕೆಟ್ಟದ್ದು ಕಂಡಿದ್ದರೆ ಅವತ್ತು ಕಾಡಿಗೆ ಹೋಗುವ ಹಾಗಿಲ್ಲ. ಈಗ ಅವಳ ತಮ್ಮಂದಿರು ಹಣೆಗೆ ಟಾರ್ಚು ಕಟ್ಟಿ, ಬಂದೂಕು ಹಿಡಿದು ಹೋಗಿ, ಮಾಂಸವನ್ನು ರೋಡಿನಲ್ಲಿ ಮಾರಿ ಬರುತ್ತಾರೆ. ಕನಸು ಕೇಳಲು ಪುರುಸೊತ್ತಿಲ್ಲ. ಅಪ್ಪ ಒಬ್ಬನೇ ಇನ್ನೂ ವಿಷದ ಮುಳ್ಳನ್ನು ಕೊಳವೆಯಲ್ಲಿ ಊದಿ ಹೊಡೆಯುವವನು. ಮನೆಯಲ್ಲಿ ಕೇಳುವವರಿಲ್ಲದೆ ಮಗಳಿಗೆ ಫೋನ್ ಮಾಡುತ್ತಾನೆ. ನಮ್ಮ ಮನೆಯಲ್ಲಿ ಬಿದ್ದ ಕನಸು ಕೇಳಿ ಅಲ್ಲಿ ಹೊರಡುತ್ತಾನೆ, ಇಲ್ಲವೆ ಕೂರುತ್ತಾನೆ.

"ಸೋ ವಿಯರ್ಡ್, ಅಜ್ಜಿ" ಎಂದಳು ಮೊಮ್ಮಗಳು.

"ಕೆಲಸವಿಲ್ಲದವರು ಬಿಡು" ಎಂದೆ.

ಒಂದು ದಿನ ನಸುಕಿನಲ್ಲಿ ನನಗೆ ಕನಸು ಬಿತ್ತು. ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಒಬ್ಬ ಮುದುಕ, ತೊಡೆಯ ಮೇಲೆ ಉದ್ದನೆಯ ಕೊಳವೆ, ಒಂದೇ ಕಾಲಿಗೆ ರಬ್ಬರ್ ಬೂಟು. ಸುಮ್ಮನೆ ಕೂತಿದ್ದ. ಎದ್ದು ಅಡುಗೆಮನೆಗೆ ಬಂದರೆ ರೋಸಾ ಕೇಳಿದಳು. ಹಾಲು ಉಕ್ಕುತ್ತಿತ್ತು. "ನೋ ಡ್ರೀಮ್" ಎಂದುಬಿಟ್ಟೆ. ಅವಳಿಗೂ ಏನೂ ಬಿದ್ದಿರಲಿಲ್ಲ. ಫೋನಿನಲ್ಲಿ ನಗುತ್ತ ಅಪ್ಪನಿಗೆ ಹೇಳಿದಳು.

ಅವತ್ತು ಹೊರಟವನು ಮನೆಗೆ ಬರಲಿಲ್ಲ. ಮೂರನೇ ದಿನ ಸಂಜೆ ಸುದ್ದಿ ಬಂತು. ಮರಕ್ಕೊರಗಿ ಕೂತಂತೆ ಸಿಕ್ಕನಂತೆ. ಹಾವು ಕಚ್ಚಿದ ಕಾಲಿನ ಬೂಟನ್ನು ತಾನೇ ಕಿತ್ತು ಎಸೆದಿದ್ದನಂತೆ.

ಕೊಳವೆಯ ವಿಷಯ ಕೇಳಿದ್ದೆ, ಅದಕ್ಕೆ ಕನಸಿನಲ್ಲಿ ಬಂತು ಎನ್ನೋಣ. ಬೂಟು ನನ್ನ ತಲೆಗೆ ಎಲ್ಲಿಂದ ಬಂತು? ಇವತ್ತಿಗೂ ತಿಳಿದಿಲ್ಲ. ಹೇಳಿದ್ದರೆ ಅವನು ಮನೆಯಲ್ಲೇ ಕೂರುತ್ತಿದ್ದ, ಅದು ಮಾತ್ರ ಖಂಡಿತ.

ಮಾರನೆಯ ಬೆಳಿಗ್ಗೆ ಐದಾದರೂ ರೋಸಾ ಮೇಲೆ ಬರಲಿಲ್ಲ. ಅವಳ ಡಬ್ಬಿಯ ಎಲೆ ಕುದಿಸಿ, ಲೋಟ ಹಿಡಿದು, ಗೋಡೆ ಆತುಕೊಂಡು ನಾನೇ ಇಳಿದೆ. ಅವಳು ಬಾಗಿಲು ತೆರೆದು ನಿಂತಳು. "ಡ್ರೀಮ್" ಎಂದೆ. ಮುಂದಿನದಕ್ಕೆ ನನ್ನಲ್ಲಿ ಇಂಗ್ಲಿಷ್ ಇರಲಿಲ್ಲ. ಅವನು ಕೂತಿದ್ದ ಮೆಟ್ಟಿಲ ಮೇಲೆ ಕೂತು, ಒಂದು ಕಾಲಿನ ಚಪ್ಪಲಿ ಬಿಚ್ಚಿಟ್ಟೆ.